ಮುಂಗಾರಿನ ಟಗರಿಗೆ ಬೇಸಿಗೆಯ ತಪ್ಪಲು

ಕುರಿ ಗಬ್ಬ ಕಟ್ಟಲಿಲ್ಲ ಎಂದರೆ ದೋಷ ಮೊದಲು ಬೀಳುವುದು ಕುರಿಯ ಮೇಲೆ. ‘ಗೊಡ್ಡು ಬಿದ್ದೈತಿ, ಸಂತಿಗೆ ಹೊಡೀರಿ’ ಎಂಬ ಮಾತು ಬರುತ್ತದೆ. ಟಗರಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೊಂಬು ಸುರುಳಿ ಸುತ್ತಿ, ಮೈ ತುಂಬಿಕೊಂಡು, ಎದುರು ಬಂದವರಿಗೆಲ್ಲ ತಲೆ ಬಗ್ಗಿಸಿ ಹಾಯಲು ಬರುವ ಪ್ರಾಣಿಯ ಬಗ್ಗೆ ಅನುಮಾನವಾದರೂ ಹೇಗೆ ಹುಟ್ಟೀತು? ಆದರೆ ಲೆಕ್ಕ ನೋಡಿ. ಒಂದು ಕುರಿ ಗೊಡ್ಡಾದರೆ ಆ ಸಲ ಒಂದು ಮರಿ ಹೋಯಿತು. ಒಂದು ಟಗರು ನಿಸ್ಸತ್ವವಾದರೆ ಅದರ ಪಾಲಿನ 25–30 ಕುರಿಗಳ ಮರಿಗಳೂ ಹೋದವು. ಹೋಗದಿದ್ದರೂ ತಡವಾಗಿ, ಒಂದೊಂದು ಒಂದೊಂದು ಹೊತ್ತಿಗೆ ಹುಟ್ಟಿ ಸಾಕುವವರ ಗೋಳು ಹೆಚ್ಚಿಸಿದವು.

ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ಎಂದರೆ ಹೊರಗಿನವರಿಗೆ ನೆನಪಾಗುವುದು ಮಗ್ಗ ಮತ್ತು ಸೀರೆ. ಊರು ದಾಟಿದರೆ ಹತ್ತಿ, ಶೇಂಗಾ, ಗೋವಿನಜೋಳ, ಹಿಂಗಾರಿಗೆ ಜೋಳ, ಕಡಲೆ. ಶಿರಹಟ್ಟಿ, ಮುಂಡರಗಿ ಕಡೆ ಸರಿದಂತೆ ಎರೆ ಭೂಮಿ ಹೋಗಿ ಮಸಾರಿ ಬರುತ್ತದೆ, ಕುರುಚಲು ಅಡವಿ ಬರುತ್ತದೆ, ಕಪ್ಪತಗುಡ್ಡ ಕಾಣುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ಹಿಡಿದು ನಿಲ್ಲಿಸುವುದು ಕುರಿ ಮತ್ತು ಆಡು. ಡೆಕ್ಕನಿ ಕುರಿ ಇಲ್ಲಿ ಹಳೆಯದು. ಕೆಂಗುರಿ, ಯಳಗ ತಳಿಗಳ ರಕ್ತವೂ ಹಿಂಡುಗಳಲ್ಲಿ ಬೆರೆತಿದೆ.

ಈ ಹಿಂಡುಗಳ ವರ್ಷದ ಕ್ರಮದಲ್ಲೇ ಒಂದು ತೊಡಕಿದೆ. ಮುಂಗಾರಿನ ಮೊದಲ ಹಸಿರು ಕಂಡೊಡನೆ, ಜೂನ್–ಜುಲೈನಲ್ಲಿ, ಕುರಿಗಳು ಗುಂಪಾಗಿ ಬೆದೆಗೆ ಬರುತ್ತವೆ. ಐದು ತಿಂಗಳ ಗಬ್ಬ ಮುಗಿದು ಮರಿ ಬೀಳುವ ಹೊತ್ತಿಗೆ ಹೊಲದಲ್ಲಿ ಸುಗ್ಗಿಯ ಮೇವಿರುತ್ತದೆ. ಕುರಿಯ ಮಟ್ಟಿಗೆ ಇದು ಜಾಣ ಲೆಕ್ಕ. ಟಗರಿನ ಮಟ್ಟಿಗೆ ಅಲ್ಲ. ವೀರ್ಯಾಣು ಹಸಿರು ಮೇಯ್ದ ಮರುದಿನ ತಯಾರಾಗುವ ವಸ್ತುವಲ್ಲ. ಟಗರಿನ ಬೀಜದಲ್ಲಿ, ಅಂದರೆ ವೃಷಣದಲ್ಲಿ, ಅದು ರೂಪುಗೊಳ್ಳಲು ಸುಮಾರು 47ರಿಂದ 49 ದಿನ ಬೇಕು. ಹೋತದಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಬೀಜಕ್ಕೆ ಅಂಟಿಕೊಂಡಿರುವ ಸುರುಳಿನಾಳದಲ್ಲಿ ಇನ್ನೂ 10–14 ದಿನ ಮಾಗಬೇಕು. ಒಟ್ಟು ಎರಡು ತಿಂಗಳು. ಹಾಗಾಗಿ ಮಿರಗದ ಮಳೆಯಲ್ಲಿ ಕೆಲಸಕ್ಕೆ ಬರುವ ವೀರ್ಯಾಣು ಹುಟ್ಟಿಕೊಂಡಿದ್ದು ಏಪ್ರಿಲ್‌ನಲ್ಲಿ. ಟಗರು ಒಣ ಕೂಳೆ ಆಯುತ್ತ, ನೆತ್ತಿ ಸುಡುವ ಬಿಸಿಲಲ್ಲಿ ಅಲೆಯುತ್ತಿದ್ದ ದಿನಗಳವು. ಮಳೆ ಬಿದ್ದ ಮೇಲೆ ಹಿಂಡಿ, ಕಾಳು ಸುರಿದು ಟಗರನ್ನು ತಯಾರು ಮಾಡಹೊರಟರೆ ಅದರ ಫಲ ಸಿಗುವುದು ಆಗಸ್ಟ್‌ಗೆ.

ಆ ಏಪ್ರಿಲ್–ಮೇ ತಿಂಗಳಲ್ಲಿ ಶಿಗ್ಲಿ ಸುತ್ತ ಹಸಿರಾಗಿರುವುದು ಏನು? ನೆಲದ ಮೇಲೆ ಏನೂ ಇಲ್ಲ. ಇರುವುದೆಲ್ಲ ಗಿಡದ ಮೇಲೆ. ಯುಗಾದಿಗೆ ಬೇವು ಚಿಗುರುತ್ತದೆ, ಬನ್ನಿ ಮಳೆಗೆ ಕಾಯದೆ ಎಲೆ ಬಿಡುತ್ತದೆ, ಕರಿಜಾಲಿಯ ಕಾಯಿ ಮಾಗಿ ಉದುರುತ್ತದೆ, ಆಲ, ಅರಳಿ, ಅತ್ತಿ ಹೊಸ ಎಲೆ ತಳೆಯುತ್ತವೆ, ಬಾವಿ ದಂಡೆಯ ಚೊಗಚಿ, ಬದುವಿನ ಸುಬಾಬುಲ್ ಹಸಿರಾಗಿಯೇ ಇರುತ್ತವೆ. ತಪ್ಪಲು ಬರಗಾಲದ ಬದಲಿ ಮೇವು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಬೀಜದ ಟಗರು ಮತ್ತು ಹೋತದ ಮಟ್ಟಿಗೆ ಅದೇ ಮುಖ್ಯ ಮೇವು ಎಂದು ನಾನು ಹೇಳುತ್ತೇನೆ. ಯಾವ ಗಿಡದ್ದು, ಎಷ್ಟು, ಯಾವಾಗ ಎಂಬುದು ಮಾತ್ರ ಗೊತ್ತಿರಬೇಕು. ಕೆಲವು ಎಲೆಗಳು ಕಟ್ಟುವ ಬದಲು ಕೆಡಿಸುತ್ತವೆ.

ಮೊದಲು ಒಳ್ಳೆಯದನ್ನೇ ನೋಡೋಣ. ಜೋಳದ ಕಣಕಿಯಲ್ಲಿ ಸಸಾರಜನಕದ ಅಂಶ, ಅಂದರೆ ಪ್ರೋಟೀನು, ನೂರಕ್ಕೆ ಮೂರು ನಾಲ್ಕು ಭಾಗ. ಸುಬಾಬುಲ್ ಎಲೆಯಲ್ಲಿ 20ರಿಂದ 25, ಚೊಗಚಿ ಮತ್ತು ಗ್ಲಿರಿಸಿಡಿಯಾದಲ್ಲೂ 20ರ ಮೇಲೆ, ಬಾರಿ ಮತ್ತು ಜಾಲಿ ಎಲೆಯಲ್ಲಿ 13–14. ಬೀಜದ ಗಾತ್ರ ಮೇವಿಗೆ ಬಹಳ ಬೇಗ ಸ್ಪಂದಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಟಗರುಗಳಿಗೆ ಲೂಪಿನ್ ಎಂಬ ದ್ವಿದಳ ಕಾಳನ್ನು ಎಂಟೊಂಬತ್ತು ವಾರ ತಿನ್ನಿಸಿದಾಗ ವೃಷಣದ ಗಾತ್ರ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಗಾತ್ರ ಹೆಚ್ಚಿದಂತೆ ದಿನಕ್ಕೆ ತಯಾರಾಗುವ ವೀರ್ಯಾಣುವೂ ಹೆಚ್ಚುತ್ತದೆ. ನಮ್ಮಲ್ಲಿ ಲೂಪಿನ್ ಇಲ್ಲ. ದ್ವಿದಳ ಗಿಡಗಳ ತಪ್ಪಲಿದೆ, ಶೇಂಗಾ ಹೊಟ್ಟಿದೆ, ತೊಗರಿ ಹೊಟ್ಟಿದೆ.

ಎರಡನೆಯದು ಎ ಜೀವಸತ್ವ. ಅದರ ಮೂಲವಸ್ತು ಇರುವುದು ಹಸಿರು ಬಣ್ಣದ ಮೇವಿನಲ್ಲಿ. ಬಿಸಿಲಿಗೆ ಬಿದ್ದು ಬೆಳ್ಳಗಾದ ಕಣಕಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮಳೆಗಾಲದಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ ದಾಸ್ತಾನು ಒಣ ಮೇವಿನ ತಿಂಗಳುಗಳಲ್ಲಿ ಕರಗುತ್ತ ಬರುತ್ತದೆ. ಅದು ಮುಗಿದರೆ ವೀರ್ಯಾಣು ಹುಟ್ಟುವ ಸೂಕ್ಷ್ಮ ನಾಳಗಳ ಒಳಪದರವೇ ಹಾಳಾಗುತ್ತದೆ. ದಿನಕ್ಕೆರಡು ಹಿಡಿ ಹಸಿರೆಲೆ ಬಿದ್ದರೂ ಈ ಕೊರತೆ ದೂರ.

ಮೂರನೆಯದು ಸತು. 1969ರಲ್ಲಿ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸೋಮರ್ಸ್ ಪ್ರಕಟಿಸಿದ ಪ್ರಯೋಗವೊಂದು ಇಂದಿಗೂ ಓದಬೇಕಾದ್ದು. ಮೇವಿನಲ್ಲಿ ಕಿಲೋಗೆ ಸುಮಾರು 17 ಮಿಲಿಗ್ರಾಂ ಸತು ಇದ್ದಾಗ ಗಂಡುಮರಿಗಳ ಮೈ ಸರಿಯಾಗಿಯೇ ಬೆಳೆಯಿತು, ಬೀಜ ಮಾತ್ರ ಸರಿಯಾಗಿ ಬೆಳೆಯಲಿಲ್ಲ. ಸತು 32 ಮಿಲಿಗ್ರಾಂಗೆ ಏರಿದಾಗ ಎರಡೂ ಬೆಳೆದವು. ಮೈ ನೋಡಿ ಟಗರನ್ನು ಆರಿಸುವ ನಮ್ಮ ಪದ್ಧತಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಸತುವಿನ ಕೊರತೆ ಸಾಮಾನ್ಯ, ಅಲ್ಲಿ ಬೆಳೆದ ಕಣಕಿಯಲ್ಲೂ ಅದೇ ಕೊರತೆ. ಆಳಕ್ಕೆ ಬೇರಿಳಿಸುವ ಗಿಡಗಳ ಎಲೆಯಲ್ಲಿ ಒಟ್ಟಾರೆ ಖನಿಜಗಳು ಹೆಚ್ಚು, ಅದರಲ್ಲೂ ಸುಣ್ಣ ಧಾರಾಳ. ರಂಜಕ ಮಾತ್ರ ಕಡಿಮೆ. ಅದಕ್ಕೇ ತಪ್ಪಲು ತಿನ್ನುವ ಟಗರಿಗೂ ದಿನಕ್ಕೆ 10–15 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಗೋಧಿ ಬೂಸಾ ಬೇಕು.

ಇನ್ನು ಒಂದೊಂದು ಗಿಡದ ಗುಣ. ಸುಬಾಬುಲ್‌ನಿಂದಲೇ ಶುರು ಮಾಡಬೇಕು, ಯಾಕೆಂದರೆ ಅತಿ ಹೆಚ್ಚು ಪೌಷ್ಟಿಕವೂ ಅದೇ, ಅತಿ ಹೆಚ್ಚು ತಂಟೆಯದೂ ಅದೇ. ಅದರ ಎಲೆಯಲ್ಲಿ, ಮುಖ್ಯವಾಗಿ ಎಳೆಯ ಚಿಗುರು ಮತ್ತು ಬೀಜದಲ್ಲಿ, ಮಿಮೋಸಿನ್ ಎಂಬ ವಸ್ತುವಿದೆ. ಜೀವಕೋಶ ಒಡೆದು ಎರಡಾಗುವುದನ್ನು ಅದು ತಡೆಯುತ್ತದೆ. ಕೂದಲ ಬುಡದ ಕೋಶಗಳು ವೇಗವಾಗಿ ಒಡೆಯುವುದರಿಂದ ಏಟು ಮೊದಲು ಅಲ್ಲಿ ಬೀಳುತ್ತದೆ: ಉಣ್ಣೆ ಉದುರುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕತ್ತರಿಯಿಲ್ಲದೆ ಕುರಿಯ ಉಣ್ಣೆ ಇಳಿಸಲು ಇದನ್ನೇ ಔಷಧಿಯಾಗಿ ಬಳಸಿ ನೋಡಿದ್ದರು. ದೇಹದಲ್ಲಿ ಹೀಗೆ ಎಡೆಬಿಡದೆ ಕೋಶ ಒಡೆಯುವ ಇನ್ನೊಂದು ಜಾಗ ಬೀಜ. ಸುಬಾಬುಲ್ ತಿನ್ನುತ್ತಿರುವ ಟಗರಿನ ಉಣ್ಣೆ ಹಿಡಿದೆಳೆದರೆ ಕೈಗೆ ಬರುತ್ತಿದ್ದರೆ, ಬಾಲದ ಕೂದಲು ಉದುರುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಆ ಎಲೆಯನ್ನು ಕೂಡಲೇ ನಿಲ್ಲಿಸಿ. ಅಂಥ ಟಗರಿನ ವೀರ್ಯವನ್ನು ಎರಡು ತಿಂಗಳು ನಂಬಬೇಡಿ.

ಮಿಮೋಸಿನ್ ಹೊಟ್ಟೆಯಲ್ಲಿ ಒಡೆದಾಗ ಡಿ.ಎಚ್.ಪಿ. ಎಂಬ ಇನ್ನೊಂದು ವಸ್ತು ಉಂಟಾಗುತ್ತದೆ. ಅದು ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿ ಗಂಟಲಗಡ್ಡೆ ತರುತ್ತದೆ. ಥೈರಾಯ್ಡ್ ಕುಂದಿದ ಟಗರಿಗೆ ಹಾರುವ ಹುರುಪೇ ಇರುವುದಿಲ್ಲ. ಇಲ್ಲೊಂದು ಸ್ವಾರಸ್ಯದ ಕಥೆಯಿದೆ. ಆಸ್ಟ್ರೇಲಿಯಾದ ಜಾನುವಾರು ಈ ಎಲೆ ತಿಂದು ನರಳುತ್ತಿದ್ದಾಗ ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದರು. ಹವಾಯಿಯ ಆಡುಗಳ ಮೊದಲ ಹೊಟ್ಟೆಯಲ್ಲಿ ಈ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಯಿತ್ತು. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ದು ಅಲ್ಲಿನ ಜಾನುವಾರುಗಳ ಹೊಟ್ಟೆಗೆ ಸೇರಿಸಿದರು, ಅವೂ ಚೇತರಿಸಿಕೊಂಡವು. 1992ರಲ್ಲಿ ಆ ಜೀವಿಗೆ ಜೋನ್ಸ್ ಹೆಸರನ್ನೇ ಸೇರಿಸಿ ನಾಮಕರಣವಾಯಿತು. ನಮಗೆ ಇದರಿಂದ ಸಿಗುವ ಉಪಾಯ ಸರಳ: ಸಂತೆಯಿಂದ ಹೊಸದಾಗಿ ತಂದ ಟಗರಿಗೆ ಮೊದಲ ದಿನವೇ ಸುಬಾಬುಲ್ ಹೊರೆ ಹಾಕಬೇಡಿ. ಅದನ್ನು ತಿಂದು ರೂಢಿಯಿರುವ ಹಳೆಯ ಕುರಿಗಳ ಜತೆ ಬಿಟ್ಟು, ಒಂದೇ ಗೋದಲಿಯಲ್ಲಿ ಮೇಯಿಸಿ, ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಪ್ರಮಾಣ ಎಷ್ಟು? ಒಟ್ಟು ಮೇವಿನ ಒಣ ತೂಕದಲ್ಲಿ ಮೂರನೇ ಒಂದು ಭಾಗ ಮೀರದಂತೆ ಎಂಬುದು ಒಪ್ಪಿತ ಮಿತಿ. 40 ಕಿಲೋ ತೂಗುವ ಟಗರು ದಿನಕ್ಕೆ ಸುಮಾರು 1.4 ಕಿಲೋ ಒಣ ತೂಕದ ಮೇವು ತಿನ್ನುತ್ತದೆ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಸಿ ಸುಬಾಬುಲ್ ತಪ್ಪಲು ಸಾಕು. ಕೊಯ್ದು ಬಾಡಿಸಿ ಕೊಟ್ಟರೆ ಮಿಮೋಸಿನ್ ಇನ್ನಷ್ಟು ಇಳಿಯುತ್ತದೆ.

ಗ್ಲಿರಿಸಿಡಿಯಾದ ತಕರಾರು ಬೇರೆ. ಅದರ ವಾಸನೆಗೆ ಕುರಿ ಮೂತಿ ತಿರುಗಿಸುತ್ತದೆ. ಒಂದು ರಾತ್ರಿ ಬಾಡಲು ಬಿಟ್ಟು ಸ್ವಲ್ಪ ಬೆಲ್ಲದ ನೀರು ಚಿಮುಕಿಸಿದರೆ ತಿನ್ನಲು ಕಲಿಯುತ್ತದೆ. ಆದರೆ ಬಾಡಿಸುವುದು ಬೇರೆ, ಕುಪ್ಪೆ ಹಾಕಿ ಬೂಸ್ಟು ಹಿಡಿಸುವುದು ಬೇರೆ. ಬೂಸ್ಟು ಬಂದ ಗ್ಲಿರಿಸಿಡಿಯಾದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಹುಟ್ಟುತ್ತದೆ. ಮಧ್ಯ ಅಮೆರಿಕದಲ್ಲಿ ಈ ಗಿಡವನ್ನು ಇಲಿ ಕೊಲ್ಲಲು ಬಳಸುತ್ತಿದ್ದರು, ಅಲ್ಲಿನ ಹೆಸರಿನ ಅರ್ಥವೂ ಅದೇ. ಚೊಗಚಿಗೆ ಇಂಥ ರಗಳೆ ಕಡಿಮೆ. ನೀರಿನ ಆಸರೆ ಇದ್ದವರು ಬೀಜದ ಟಗರಿಗಾಗಿ ನಾಲ್ಕು ಚೊಗಚಿ ಗಿಡ, ಒಂದೆರಡು ಸಾಲು ಹಿಪ್ಪುನೇರಳೆ, ನುಗ್ಗೆ ಇಟ್ಟುಕೊಂಡರೆ ಒಳ್ಳೆಯದು. ಹಿಪ್ಪುನೇರಳೆ ಸೊಪ್ಪಿನಷ್ಟು ಸುಲಭವಾಗಿ ಜೀರ್ಣವಾಗುವ ಗಿಡದ ಮೇವು ಕಡಿಮೆ.

ಜಾಲಿ, ಬನ್ನಿ, ಬಾರಿ ಇವೆಲ್ಲ ಒಗರಿನ ಗಿಡಗಳು. ಒಗರು ಎಂದರೆ ಟ್ಯಾನಿನ್. ಹದದಲ್ಲಿದ್ದರೆ ಇದು ಉಪಕಾರಿ: ಮೇವಿನ ಪ್ರೋಟೀನನ್ನು ಹಿಡಿದಿಟ್ಟು, ಮೊದಲ ಹೊಟ್ಟೆಯಲ್ಲಿ ಪೋಲಾಗದಂತೆ ಮುಂದಿನ ಕರುಳಿಗೆ ದಾಟಿಸುತ್ತದೆ. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಜಂತುಗಳ ಕಾಟವನ್ನೂ ತಗ್ಗಿಸುತ್ತದೆ. ರಕ್ತ ಬತ್ತಿ ಕಣ್ಣಿನ ಒಳಪದರ ಬಿಳಿಚಿದ ಟಗರಿನಿಂದ ಯಾವ ವೀರ್ಯ ನಿರೀಕ್ಷಿಸುವುದು? ಜಂತಿನ ಮರಿಗಳು ಹುಲ್ಲಿನ ಬುಡದ ಕೆಲವೇ ಅಂಗುಲ ಎತ್ತರದಲ್ಲಿರುವುದರಿಂದ, ತಲೆ ಎತ್ತಿ ಗಿಡ ಮೇಯುವ ಆಡಿಗೆ ಅವು ಸಿಗುವುದೂ ಕಡಿಮೆ. ಒಗರು ಅತಿಯಾದರೆ ಮಾತ್ರ ಅದೇ ಟ್ಯಾನಿನ್ ಪ್ರೋಟೀನಿಗೆ ಬೀಗ ಹಾಕಿಬಿಡುತ್ತದೆ. ಬರೀ ಜಾಲಿ ಎಲೆ, ಜಾಲಿ ಕಾಯಿ ತಿಂದ ಟಗರು ಹೊಟ್ಟೆ ತುಂಬಿಯೂ ಸೊರಗುತ್ತದೆ. ಜಾಲಿಯನ್ನೂ ಸುಬಾಬುಲ್ಲನ್ನೂ ಕಲೆಸಿ ಕೊಟ್ಟರೆ ಒಂದರ ಮಿಮೋಸಿನ್, ಇನ್ನೊಂದರ ಒಗರು ಎರಡೂ ಮಿತಿಯಲ್ಲಿರುತ್ತವೆ. ಆಡು ಅಡವಿಯಲ್ಲಿ ತಾನಾಗಿ ಮಾಡುವುದೂ ಇದನ್ನೇ. ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ. ಕಟ್ಟಿ ಸಾಕಿದಾಗ ಆ ಆಯ್ಕೆಯನ್ನು ನಾವು ಕಸಿದಿರುತ್ತೇವೆ, ಹಾಗಾಗಿ ಕಲೆಸುವ ಹೊಣೆಯೂ ನಮ್ಮದು. ಬಳ್ಳಾರಿ ಜಾಲಿಯ ಎಲೆಯನ್ನು ಕುರಿ, ಆಡು ಹೇಗೂ ಮುಟ್ಟುವುದಿಲ್ಲ. ಸಿಹಿ ಕಾಯಿಯನ್ನು ಒಣಗಿಸಿ, ಪುಡಿ ಮಾಡಿ ಸ್ವಲ್ಪ ಕೊಡಬಹುದು.

ಬೇವಿನ ಬಗ್ಗೆ ಪ್ರಶ್ನೆ ಹೆಚ್ಚು. ಬೇವು ಗಂಡಿನ ಫಲವಂತಿಕೆಗೆ ವೈರಿ ಎಂಬುದು ಪೂರ್ತಿ ಸುಳ್ಳಲ್ಲ. ಇಲಿಗಳಿಗೆ ಬೇವಿನ ಎಲೆ ತಿನ್ನಿಸಿದ ಪ್ರಯೋಗಗಳಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ತಗ್ಗಿದವು. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಅವರ ತಂಡ ಬೇವಿನ ಸಾರವನ್ನೇ ಬಳಸಿ ‘ಪ್ರನೀಮ್’ ಎಂಬ ಗರ್ಭನಿರೋಧಕ ತಯಾರಿಸಿತ್ತು. ಆದರೆ ಇಲಿಯ ಹೊಟ್ಟೆ ಬೇರೆ, ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಬೇರೆ; ಇಲ್ಲಿ ಸೂಕ್ಷ್ಮಜೀವಿಗಳು ಬಹಳಷ್ಟು ಕಹಿಯನ್ನು ದಾರಿಯಲ್ಲೇ ಅರಗಿಸುತ್ತವೆ. ಹಾದಿಯಲ್ಲಿ ನಾಲ್ಕು ರೆಂಬೆ ಬೇವು ತಿಂದ ಹೋತಕ್ಕೆ ಏನೂ ಆಗುವುದಿಲ್ಲ. ನನ್ನ ಸಲಹೆ ಇಷ್ಟೇ: ಹೆಣ್ಣು ಹಿಂಡಿಗೆ, ಮಾರಾಟದ ಮರಿಗೆ ಬೇವು ಧಾರಾಳ ಹಾಕಿ, ಬೀಜದ ಟಗರಿಗೆ ಮಾರ್ಚ್‌ನಿಂದ ಜುಲೈವರೆಗೆ ಅದನ್ನೇ ಮುಖ್ಯ ಮೇವು ಮಾಡಬೇಡಿ. ಬೇವಿನ ಹಿಂಡಿ, ಹೊಂಗೆ ಹಿಂಡಿ ಹೊಲಕ್ಕೆ ಗೊಬ್ಬರವಾಗಲಿ, ಟಗರಿನ ಬುಟ್ಟಿಗೆ ಬೇಡ.

ಎಲೆಯ ಮಾತಿನ ನಡುವೆ ಹತ್ತಿಯನ್ನು ತರುವುದಕ್ಕೆ ಕಾರಣವಿದೆ. ಲಕ್ಷ್ಮೇಶ್ವರ, ಶಿಗ್ಲಿ ಸೀಮೆಯಲ್ಲಿ ಹತ್ತಿ ಬಿಡಿಸಿದ ಹೊಲಕ್ಕೆ ಕುರಿ ನುಗ್ಗಿಸುವುದು, ಟಗರಿಗೆ ಹತ್ತಿಕಾಳು ತಿನ್ನಿಸುವುದು ರೂಢಿ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಸ್ತುವಿದೆ. ಚೀನಾದ ಜಿಯಾಂಗ್ಸು ಪ್ರಾಂತ್ಯದ ಹಳ್ಳಿಗಳಲ್ಲಿ ಹಸಿ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡತೊಡಗಿದ ಮೇಲೆ ಮಕ್ಕಳಾಗುವುದು ನಿಂತಿತ್ತು. ಅದರ ಜಾಡು ಹಿಡಿದು 1970ರ ದಶಕದಲ್ಲಿ ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ ಇದನ್ನು ಪರೀಕ್ಷಿಸಿದರು. ಕೆಲವರಲ್ಲಿ ಫಲವಂತಿಕೆ ಮರಳದ್ದರಿಂದ ಕೈಬಿಟ್ಟರು. ಟಗರಿನ ಹೊಟ್ಟೆ ಸ್ವಲ್ಪ ಗಾಸಿಪಾಲನ್ನು ಕಟ್ಟಿಹಾಕಬಲ್ಲದು, ಹೆಚ್ಚಾದರೆ ವೀರ್ಯಾಣುವಿನ ನಡುಭಾಗವೇ ಕೆಡುತ್ತದೆ. ಎಳೆಯ ಟಗರುಮರಿಗಂತೂ ಹತ್ತಿಕಾಳು ಬೇಡವೇ ಬೇಡ. ಬೀಜದ ಟಗರಿಗೆ ಹಿಂಡಿ ಬೇಕೆಂದರೆ ಶೇಂಗಾ ಹಿಂಡಿ ಇದೆ, ಬೂಸ್ಟು ಹಿಡಿಯದ್ದಾಗಿರಲಿ. ಟಗರು ಬಡವಾಗಿದೆ ಎಂದು ಗಿಡದ ಎಲೆಯ ಮೇಲೆ ಗೂಬೆ ಕೂರಿಸುವ ಮೊದಲು ಹತ್ತಿಕಾಳಿನ ಚೀಲ ನೋಡುವುದು ಮೇಲು.

ಕೊಡುವ ಹೊತ್ತೂ ಮುಖ್ಯ. ಟಗರಿನ ಮೈ ಬಿಸಿ 39 ಡಿಗ್ರಿ. ಬೀಜದ ಚೀಲ ಅದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಬೆಳೆಯುತ್ತದೆ. 40 ಡಿಗ್ರಿ ಮುಟ್ಟುವ ಗದಗ ಜಿಲ್ಲೆಯ ಮೇ ತಿಂಗಳಲ್ಲಿ, ಬಟಾಬಯಲಲ್ಲಿ, ಇದು ಸುಲಭವಲ್ಲ. ಏಪ್ರಿಲ್ ಮೊದಲ ವಾರದಿಂದ ಬೀಜದ ಟಗರನ್ನು ಹಿಂಡಿನಿಂದ ಬೇರೆ ಮಾಡಿ ನೆರಳಲ್ಲಿ ಕಟ್ಟಿ. ಮುಂಜಾನೆ ಮತ್ತು ಸಂಜೆ ತಪ್ಪಲು, ರಾತ್ರಿ ಶೇಂಗಾ ಹೊಟ್ಟು ಅಥವಾ ಕಣಕಿ, 200–300 ಗ್ರಾಂ ಗೋವಿನಜೋಳದ ನುಚ್ಚು ಮತ್ತು ಹಿಂಡಿಯ ಮಿಶ್ರಣ, ಬೇಕಾದಷ್ಟು ತಣ್ಣನೆಯ ನೀರು. ರೆಂಬೆಗಳನ್ನು ನೆಲಕ್ಕೆ ಹಾಕದೆ ಎತ್ತರಕ್ಕೆ ಕಟ್ಟಿದರೆ ಪೋಲೂ ಕಡಿಮೆ, ಜಂತೂ ಕಡಿಮೆ. ಹಿಂಡಿನ ಜತೆ ಊರೂರು ತಿರುಗುವ ಕುರಿಗಾರರಿಗೆ ಹಗಲು ಇದೆಲ್ಲ ಆಗದ ಮಾತು. ಅವರು ಕುರಿ ತರುಬಿದ ಹೊಲದ ಬದುವಿನಿಂದ, ಹೊಲದವರನ್ನು ಕೇಳಿ, ರಾತ್ರಿಗೆ ಎರಡು ಕೈ ರೆಂಬೆ ತಂದು ಟಗರಿಗಷ್ಟೇ ಹಾಕಿದರೂ ಸಾಕು. ಕಪ್ಪತಗುಡ್ಡದತ್ತ ಕೊಡಲಿ ಹಿಡಿದು ಹೋಗುವ ಕಾಲ ಮುಗಿದಿದೆ. 2019ರಿಂದ ಅದು ವನ್ಯಜೀವಿ ಧಾಮ.

ಕೊಬ್ಬಿಸುವುದು ಇನ್ನೊಂದು ತಪ್ಪು. ಕಾಳಗಕ್ಕೆ ಸಾಕಿದ, ಬಕ್ರೀದ್ ಸಂತೆಗೆ ಮೇಯಿಸಿದ ಟಗರನ್ನು ನೋಡಿ ಬೀಜಕ್ಕೆ ಆರಿಸುವವರಿದ್ದಾರೆ. ಬೀಜದ ಚೀಲದ ಕುತ್ತಿಗೆಯಲ್ಲಿ ಕೊಬ್ಬು ಕೂತರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ.

ಫಲ ಗೊತ್ತಾಗಲು ಪ್ರಯೋಗಾಲಯವೇ ಬೇಕೆಂದಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಟಗರಿನ ಬೀಜದ ಸುತ್ತಳತೆಯನ್ನು ಅತಿ ದಪ್ಪ ಇರುವ ಕಡೆ ದರ್ಜಿಯ ಟೇಪಿನಿಂದ ಅಳೆದು ಬರೆದಿಡಿ. ಎರಡೂ ಬೀಜ ಸಮನಾಗಿ, ಬಿಗಿಯಾಗಿ, ಚೀಲದೊಳಗೆ ಸಲೀಸಾಗಿ ಜಾರುವಂತಿರಬೇಕು. ಮೆತ್ತಗಾಗಿದ್ದರೆ, ಒಂದು ದಪ್ಪ ಒಂದು ಸಣ್ಣ ಇದ್ದರೆ, ಮುಟ್ಟಿದರೆ ನೋವಾಗುವಂತಿದ್ದರೆ ಆ ಟಗರು ಬೇಡ. ಹಿಂಡಿಗೆ ಬಿಟ್ಟ ಮೇಲೆ ಅದರ ಎದೆಗೆ ಕೆಮ್ಮಣ್ಣು ಎಣ್ಣೆ ಕಲೆಸಿ ಹಚ್ಚಿ. ಹಾರಿದ ಕುರಿಯ ಬೆನ್ನಿಗೆ ಕೆಂಪು ಹತ್ತುತ್ತದೆ. ಕುರಿಯ ಬೆದೆ ಸುತ್ತು 17 ದಿನ, ಆಡಿನದು 21. ಆ ಅವಧಿ ಮುಗಿದೊಡನೆ ಬಣ್ಣ ಬದಲಿಸಿ. ಕೆಂಪು ಹತ್ತಿದ ಕುರಿಗಳ ಬೆನ್ನಿಗೆ ಮತ್ತೆ ಹೊಸ ಬಣ್ಣವೂ ಹತ್ತತೊಡಗಿದರೆ ಅವು ಗಬ್ಬ ಕಟ್ಟಿಲ್ಲ. ಒಂದೆರಡಾದರೆ ಕುರಿಯದೇ ತೊಂದರೆ ಇರಬಹುದು. ಹತ್ತಾರಾದರೆ ಟಗರು ಬದಲಿಸಿ.

ತಪ್ಪಲಿನಿಂದ ಸರಿಯಾಗದ ಕಾರಣಗಳೂ ಇವೆ. ನೀಲಿ ನಾಲಿಗೆ ರೋಗದಂಥ ಜೋರು ಜ್ವರ ಬಂದು ಹೋದ ಟಗರಿನ ವೀರ್ಯ ಎರಡು ತಿಂಗಳು ದುರ್ಬಲ. ಬ್ರುಸೆಲ್ಲಾ ಸೋಂಕಿನಿಂದ ಬೀಜ ಊದಿಕೊಂಡು ಶಾಶ್ವತವಾಗಿ ಕೆಡಬಹುದು. ಆ ಸೋಂಕು ಮನುಷ್ಯರಿಗೂ ದಾಟುತ್ತದೆ, ಹಾಗಾಗಿ ಹಿಂಡಿನಲ್ಲಿ ಕುರಿಗಳು ಕಂದು ಹಾಕುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ರಕ್ತ ಪರೀಕ್ಷೆ ಮಾಡಿಸಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಿದೆ, ಮೇವಿನ ಗಿಡಗಳ ವಿಷಯಕ್ಕೆ ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ತುರ್ತಿಗೆ ಪಶು ಸಹಾಯವಾಣಿ 1962. ಬದುವಿಗೆ ಗಿಡ ಹಾಕುವವರು ಈ ಮುಂಗಾರಿನಲ್ಲೇ ಗ್ಲಿರಿಸಿಡಿಯಾದ ಗೂಟ ನೆಟ್ಟು, ಸುಬಾಬುಲ್ ಬೀಜವನ್ನು ಬಿಸಿನೀರಲ್ಲಿ ಅದ್ದಿ ಊರಿಬಿಡಿ. ಮೊದಲ ವರ್ಷ ಕತ್ತರಿ ಹಚ್ಚಬೇಡಿ. ಟಗರಿಗೆ ತಪ್ಪಲು ಸಿಗುವುದು ಎರಡನೇ ಬೇಸಿಗೆಯಿಂದ.